ನಾಲ್ಕು ಪಟ್ಟು ಅಂದ್ರ, ಯಾವುದರ ನಾಲ್ಕು ಪಟ್ಟು?

ಇವತ್ತಿನ ಎಪಿಸೋಡ್ ಬರಿಗಣ್ಣಿಗೆ ಕಾಣದ ಒಂದು ನುಸಿ ಬಗ್ಗೆ. ಆ ನುಸಿ ಬಗ್ಗೆ ಲ್ಯಾಬ್ ಕೊಡುವ ಒಂದು ಸಂಖ್ಯೆಯನ್ನು ಯಾವಾಗ ನಂಬಬೇಕು ಅನ್ನೋದರ ಬಗ್ಗೆ.

ಇಜೇರಿ ಇರಲಿ, ಆಳಂದ, ಅಫಜಲಪುರ ಕಡೆ ಇರಲಿ, ನಮ್ಮ ಭಾಗದಾಗ ಹೊಲ ಅಂದ್ರ ಮೊದಲು ನೆನಪಾಗೋದು ತೊಗರಿ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ ಕೂಡ ಸಿಕ್ಕಿದೆ. ಈ ತೊಗರಿಗೆ ಗೊಡ್ಡು ರೋಗ ಬಂದರೆ ಗಿಡ ಸಾಯೋದಿಲ್ಲ. ಸಣ್ಣ ಎಲೆ ಬಿಟ್ಟು ಪೊದೆಯಂತೆ ಬೆಳೀತದ. ಆದರೆ ಹೂವಿಲ್ಲ, ಕಾಯಿಲ್ಲ. ಅದಕ್ಕೇ ಆ ಹೆಸರು. ಬಿತ್ತಿದ 45 ದಿನದೊಳಗೆ ರೋಗ ತಗುಲಿದರೆ ಆ ಗಿಡದ ಇಳುವರಿ ಬಹುತೇಕ ಪೂರ್ತಿ ಹೋದಂತೆ.

1931ರಲ್ಲೇ ಬಿಹಾರದ ಪೂಸಾದಿಂದ ಈ ರೋಗ ವರದಿಯಾಗಿತ್ತು. ಕಾರಣ ಯಾವ ವೈರಸ್ ಅಂತ ಗೊತ್ತಾಗಲು ಸುಮಾರು 70 ವರ್ಷ ಹಿಡೀತು. ಹೈದರಾಬಾದ್ ಹತ್ತಿರದ ಇಕ್ರಿಸ್ಯಾಟ್ ಮತ್ತು ಸ್ಕಾಟ್ಲೆಂಡಿನ ವಿಜ್ಞಾನಿಗಳು ಸೇರಿ ಅದನ್ನು ಪತ್ತೆ ಮಾಡಿದರು. ವೈರಸ್ಸನ್ನು ಗಿಡದಿಂದ ಗಿಡಕ್ಕೆ ಹೊರುವುದು ಅಸೇರಿಯಾ ಕಜಾನಿ ಅನ್ನುವ ನುಸಿ. ಉದ್ದ ಸುಮಾರು 0.2 ಮಿಲಿಮೀಟರ್. ಎಲೆಯ ಕೆಳಗೆ ಕೂತಿರ್ತದ, ಗಾಳಿ ಜೊತೆ ಮುಂದಿನ ಹೊಲಕ್ಕೆ ಹೋಗ್ತದ.

ಈಗ ಲ್ಯಾಬ್ ಒಳಗೆ ಹೋಗೋಣ. ಔಷಧಿ ಹೊಡೆದರೂ ನುಸಿ ಯಾಕೆ ಸಾಯ್ತಿಲ್ಲ? ವಿಷ ಕರಗಿಸುವ ಯಾವುದೋ ಜೀನ್ ಹೆಚ್ಚು ಕೆಲಸ ಮಾಡ್ತಿದೆಯಾ? ಇದನ್ನು ಅಳೆಯಲು ಆರ್‌ಟಿ-ಪಿಸಿಆರ್ ಬೇಕು. ಕೋವಿಡ್ ಟೈಮಲ್ಲಿ 'ಸಿಟಿ ವ್ಯಾಲ್ಯೂ ಎಷ್ಟು' ಅಂತ ಕೇಳಿದ್ದು ನೆನಪದಲ್ಲ? ಅದೇ ಲೆಕ್ಕ. ಸಿಟಿ 1 ಕಡಿಮೆಯಾದರೆ ಜೀನ್‌ನ ಪ್ರತಿಗಳು ಎರಡು ಪಟ್ಟು, 2 ಕಡಿಮೆಯಾದರೆ ನಾಲ್ಕು ಪಟ್ಟು.

ಆದರೆ ಒಂದು ನುಸಿಯಿಂದ ಸಿಗುವ ಆರ್‌ಎನ್‌ಎ ತೀರಾ ಕಡಿಮೆ. ಬಹಳ ನುಸಿಗಳನ್ನು ಕೂಡಿಸಬೇಕು. ಒಂದು ಟ್ಯೂಬಿನಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆ ಬಂದೇ ಬರ್ತದ. ಈ ವ್ಯತ್ಯಾಸ ಸರಿದೂಗಿಸಲು, ಯಾವಾಗಲೂ ಒಂದೇ ಮಟ್ಟದಲ್ಲಿ ಇರುವ ಜೀನ್ ಬೇಕು. ಅದೇ ರೆಫರೆನ್ಸ್ ಜೀನ್, ನಮ್ಮ ಮಾತಲ್ಲಿ ಆಧಾರ ಜೀನ್.

ನಾನು ಬಿ.ಕಾಂ ಓದಿದವನು, ನನಗಿದು ಬೇಸ್ ಇಯರ್ ಇದ್ದಂಗ ಕಾಣ್ತದ. ಬರಗಾಲದ ವರ್ಷವನ್ನು ಬೇಸ್ ಮಾಡಿಕೊಂಡರೆ ಮುಂದಿನ ಸಾಧಾರಣ ವರ್ಷವೂ ಭಾರೀ ಬೆಳವಣಿಗೆ ಅನ್ನಿಸ್ತದ. ಬೆಳೆದದ್ದು ಏನೂ ಇಲ್ಲ, ಬೇಸ್ ಕುಸಿದಿತ್ತು ಅಷ್ಟೆ.

ಒಂದು ಲೆಕ್ಕ ಹಾಕೋಣ. ಸಂಖ್ಯೆಗಳು ಬರೀ ಉದಾಹರಣೆಗೆ. ಎರಡೂ ಟ್ಯೂಬಿನಲ್ಲಿ ಆರ್‌ಎನ್‌ಎ ಸಮ ಅದ ಅಂತ ಇಟ್ಕೊಳ್ಳಿ. ಔಷಧಿಗೆ ಮೊದಲು ನಮಗೆ ಬೇಕಾದ ಜೀನ್ ಸಿಟಿ 26, ಆಧಾರವಾಗಿ ಇಟ್ಟುಕೊಂಡ ಆ್ಯಕ್ಟಿನ್ 18. ಅಂತರ 8. ಔಷಧಿ ಹೊಡೆದ ಮೇಲೆ ನಮ್ಮ ಜೀನ್ ಅಲ್ಲೇ 26. ಆದರೆ ಔಷಧಿಯ ಹೊಡೆತಕ್ಕೆ ಆ್ಯಕ್ಟಿನ್ ಕುಗ್ಗಿ 20ಕ್ಕೆ ಬಂತು. ಅಂತರ 6. ವರದಿ ಏನಂತದ? 'ಜೀನ್ ನಾಲ್ಕು ಪಟ್ಟು ಏರಿದೆ.' ಅದು ಒಂದಿಂಚೂ ಏರಿಲ್ಲ!

ಆ್ಯಕ್ಟಿನ್, ಟ್ಯೂಬುಲಿನ್, ಜಿಎಪಿಡಿಎಚ್ ಎಲ್ಲರೂ ಬಳಸುವ ಹೆಸರುಗಳು. ಎಲ್ಲರೂ ಬಳಸ್ತಾರೆ ಅನ್ನೋದು ಪುರಾವೆ ಅಲ್ಲ. ಮೊಟ್ಟೆ, ಮರಿ, ದೊಡ್ಡ ನುಸಿ, ಬಿಸಿಲು, ತಿನ್ನುವ ಗಿಡ, ಹೊಡೆದ ಔಷಧಿ, ಇವುಗಳಲ್ಲಿ ಯಾವುದು ಬದಲಾದರೂ ಆಧಾರ ಜೀನ್ ಅಲುಗಾಡಬಹುದು. ತರಕಾರಿ ಬೆಳೆಯ ಎರಡು ಚುಕ್ಕೆ ಜೇಡ ನುಸಿಯ ಪೂರ್ಣ ಜೀನೋಮ್ 2011ರಲ್ಲೇ ಪ್ರಕಟವಾಯಿತು, ಹಾಗಾಗಿ ಅದರಲ್ಲಿ ಈ ಕೆಲಸ ಸುಲಭ. ಆದರೆ ಅಲ್ಲಿ ಸ್ಥಿರವಾಗಿದ್ದ ಜೀನ್ ತೊಗರಿ ನುಸಿಯಲ್ಲೂ ಸ್ಥಿರವಾಗಿರ್ತದ ಅಂತ ಗ್ಯಾರಂಟಿ ಇಲ್ಲ. ಎರಡೂ ನುಸಿಗಳೇ, ಆದರೆ ಬೇರೆ ಬೇರೆ ಕುಟುಂಬದವು.

ಹಂಗಾದ್ರ ದಾರಿ? ನಿಮ್ಮದೇ ನುಸಿಯಲ್ಲಿ, ನಿಮ್ಮದೇ ಪ್ರಯೋಗದ ಪರಿಸ್ಥಿತಿಯಲ್ಲಿ ಏಳೆಂಟು ಜೀನ್ ಪರೀಕ್ಷಿಸಿ. ಜಿನಾರ್ಮ್, ನಾರ್ಮ್‌ಫೈಂಡರ್, ಬೆಸ್ಟ್‌ಕೀಪರ್ ಅನ್ನುವ ಲೆಕ್ಕದ ಸಾಧನಗಳು ಯಾವುದು ಕಡಿಮೆ ಅಲುಗಾಡ್ತದ ಅಂತ ಶ್ರೇಯಾಂಕ ಕೊಡ್ತವೆ. ಒಂದನ್ನೇ ನಂಬದೆ, ಮೇಲಿನ ಎರಡು ಮೂರನ್ನು ಒಟ್ಟಿಗೆ ಬಳಸಿ. 2009ರ 'ಮೈಕ್' ಮಾರ್ಗಸೂಚಿ ಹೇಳುವುದೂ ಇದನ್ನೇ: ಪುರಾವೆ ಇಲ್ಲದೆ ಒಂದೇ ಆಧಾರ ಜೀನ್ ಮೇಲೆ ನಿಲ್ಲಬೇಡಿ.

ಇದರಿಂದ ರೈತನಿಗೇನು? ಇಲ್ಲದ ನಿರೋಧಕತೆ ಇದೆ ಅಂದರೆ, ಕೆಲಸ ಮಾಡುವ ಔಷಧಿ ಬಿಟ್ಟು ದುಬಾರಿ ಔಷಧಿಗೆ ದುಡ್ಡು ಹೋಗ್ತದ. ಇರುವ ನಿರೋಧಕತೆ ಕಾಣದೇ ಹೋದರೆ, ಕೆಲಸ ಮಾಡದ ಔಷಧಿಯನ್ನೇ ಮತ್ತೆ ಮತ್ತೆ ಹೊಡೀತಾರೆ. ಎರಡರ ಬಿಲ್ಲೂ ಹೊಲದವನ ಹೆಸರಿಗೇ.

ಕೃಷಿ, ಬಯೋಟೆಕ್ ಓದ್ತಿರೋ ಗೆಳೆಯರೇ, 'ಇಷ್ಟು ಪಟ್ಟು ಏರಿತು' ಅಂತ ಎಲ್ಲೇ ಓದಿದರೂ 'ಯಾವುದಕ್ಕೆ ಹೋಲಿಸಿ?' ಅಂತ ಕೇಳಿ. ಹೊಲ ಇರುವವರು ಗೊಡ್ಡು ಗಿಡ ಕಂಡ ತಕ್ಷಣ ಕಿತ್ತು ಹಾಕಿ. ಹಿಂದಿನ ಸಾಲಿನ ಕೂಳೆ ತೊಗರಿ ಉಳಿಸಬೇಡಿ, ನುಸಿಗೆ ಅದೇ ಮನೆ. ನಿರೋಧಕ ತಳಿ ಯಾವುದು ಅಂತ ಬಿತ್ತುವ ಮೊದಲೇ ಕೃಷಿ ಸಂಶೋಧನಾ ಕೇಂದ್ರದಲ್ಲಿ ವಿಚಾರಿಸಿ.

ಪ್ರಶ್ನೆ ಇದ್ದರೆ ವಾಯ್ಸ್ ನೋಟ್ ಕಳಿಸ್ರಿ. ಮುಂದಿನ ಎಪಿಸೋಡಲ್ಲಿ ಸಿಗೋಣ.