ಸುಂಕದ ಕಟ್ಟೆ ದಾಟದ ವೈಫೈ



ಸಂಬಂಧಿಕರ ಮದುವೆಗೆಂದು ಮೈಸೂರಿಗೆ ಹೋದವನು ಒಂದು ಲಾಡ್ಜಿನಲ್ಲಿ ಇಳಿದುಕೊಂಡಿದ್ದೆ. ರೂಮಿನ ಗೋಡೆಯ ಮೇಲೆ ವೈಫೈ ಹೆಸರು, ಪಾಸ್‌ವರ್ಡ್ ಎರಡನ್ನೂ ಅಂಟಿಸಿದ್ದರು. ಹಾಕಿದೆ. ಫೋನಿನ ನೆತ್ತಿಯ ಮೇಲೆ ವೈಫೈ ಕೊಡೆ ಪೂರ್ತಿ ಬಿಚ್ಚಿಕೊಂಡಿತು. ವಾಟ್ಸಾಪ್‌ನಲ್ಲಿ ಕಳಿಸಿದ ಫೋಟೋ ಮಾತ್ರ ಸುತ್ತುತ್ತಲೇ ಇತ್ತು. ಕೆಳಗಿಳಿದು ಕೌಂಟರಿನ ಹುಡುಗನನ್ನು ಕೇಳಿದೆ.

"ಪಾಸ್‌ವರ್ಡ್ ಹಾಕಿದ್ರಾ ಸಾರ್?"

"ಹಾಕ್ದೆನಪ್ಪ."

"ಯಾವ್ದು ಹಾಕಿದ್ರಿ?"

ಎರಡಿದೆ ಅಂತ ನನಗೇನು ಗೊತ್ತು! ಗೋಡೆಯ ಮೇಲಿದ್ದದ್ದು ಮೊದಲನೆಯದಂತೆ. ಎರಡನೆಯದನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟ. ಎಲ್ಲಿ ಹಾಕಬೇಕು ಎಂದರೆ, "ಒಂದು ಪೇಜ್ ಬರತ್ತೆ ಸಾರ್, ಅದ್ರಲ್ಲಿ ಹಾಕಿ" ಎಂದ. ಆ ಪೇಜು ಬರಲೇ ಇಲ್ಲ. ಇವತ್ತಿನ ನನ್ನ ಮಾತು, ಬಾರದೆ ಕಾಡಿಸುವ ಆ ಪೇಜಿನ ಬಗ್ಗೆ.

ಹಿಂದೆ ಊರು ಸೇರುವ ದಾರಿಯಲ್ಲಿ ಸುಂಕದ ಕಟ್ಟೆಗಳಿರುತ್ತಿದ್ದವು. ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ ಆ ಹೆಸರಿನ ಬಡಾವಣೆಯೇ ಇದೆ. ಗಾಡಿ ರಸ್ತೆಗೆ ಬಂದರೂ ಕಟ್ಟೆ ದಾಟುವ ತನಕ ಸಂತೆ ಸೇರಿದಂತಲ್ಲ. ಮೊದಲನೆಯ ಪಾಸ್‌ವರ್ಡು ನಿಮ್ಮ ಫೋನಿಗೂ ಗೋಡೆಯ ಮೇಲಿನ ವೈಫೈ ಪೆಟ್ಟಿಗೆಗೂ ನಡುವಿನ ದಾರಿಯದು, ಅಷ್ಟೆ. ಅಲ್ಲಿಂದಾಚೆ ಇಂಟರ್‌ನೆಟ್ಟಿಗೆ ಹೊರಡುವ ಬಾಗಿಲಲ್ಲಿ ಗೇಟ್‌ವೇ ಎಂಬ ಸುಂಕದವನು ಕೂತಿರುತ್ತಾನೆ. ಎರಡನೆಯ ಪಾಸ್‌ವರ್ಡನ್ನೋ ಒಟಿಪಿಯನ್ನೋ ಕೇಳುವವನು ಅವನು. ಕೊಡೆ ಬಿಚ್ಚಿಕೊಂಡಿದೆ ಎಂದರೆ ಗಾಡಿ ರಸ್ತೆಗೆ ಬಂದಿದೆ ಎಂದಷ್ಟೇ ಅರ್ಥ.

ಈ ಸುಂಕದವನದ್ದು ಒಂದು ವಿಚಿತ್ರ ಕಷ್ಟ. ಅವನಿಗೆ ನಿಮ್ಮನ್ನು ಕೂಗಿ ಕರೆಯಲು ಬಾಯಿಲ್ಲ. ನೀವು ಯಾವುದೋ ಪತ್ರಿಕೆಯ ತಾಣಕ್ಕೆ ಹೊರಟರೆ ಅವನು ನಡುವೆ ತಡೆದು, ಆ ತಾಣದ ಹೆಸರಿನಲ್ಲಿ ತಾನೇ ಉತ್ತರ ಕೊಟ್ಟು, ತನ್ನ ಪೇಜನ್ನು ಮುಂದಿಡುತ್ತಾನೆ. ಒಂದು ಬಗೆಯ ವೇಷವೇ ಅದು. ತಾಣಗಳ ವಿಳಾಸ ಬರೀ ಎಚ್‌ಟಿಟಿಪಿ ಎಂದು ಶುರುವಾಗುತ್ತಿದ್ದ ಕಾಲದಲ್ಲಿ ಈ ವೇಷ ನಡೆಯುತ್ತಿತ್ತು. ಈಗ ಹೆಚ್ಚುಕಡಿಮೆ ಎಲ್ಲ ತಾಣಗಳೂ ಕೊನೆಗೊಂದು ಎಸ್ ಸೇರಿಸಿಕೊಂಡು ಎಚ್‌ಟಿಟಿಪಿಎಸ್ ಆಗಿವೆ. ಅಂದರೆ ಎದುರಿಗಿರುವವನು ಮೊದಲು ಗುರುತಿನ ಚೀಟಿ ತೋರಿಸಬೇಕು. ಬ್ಯಾಂಕಿನ ಹೆಸರು ಹೇಳಿಕೊಂಡು ಲಾಡ್ಜಿನ ಗೇಟ್‌ವೇ ಬಂದರೆ ಬ್ರೌಸರ್ ಒಪ್ಪುವುದಿಲ್ಲ. ನಿಮ್ಮ ಸಂಪರ್ಕ ಸುರಕ್ಷಿತವಲ್ಲ ಎಂದು ಎಚ್ಚರಿಸುತ್ತದೆ, ಇಲ್ಲವೇ ಸುಮ್ಮನೆ ಸುತ್ತುತ್ತದೆ. ಕಳ್ಳರನ್ನು ತಡೆಯಲು ಹಾಕಿದ ಬೇಲಿಗೆ ಬಡಪಾಯಿ ಸುಂಕದವನೂ ಸಿಕ್ಕಿಬಿದ್ದ. ಆ ಎಚ್ಚರಿಕೆಯನ್ನು ಮೀರಿ ಮುಂದೆ ಹೋಗಬೇಡಿ. ಬೇರೆ ದಾರಿ ಇದೆ.

ಫೋನು ತಯಾರಿಸುವವರಿಗೆ ಈ ತೊಡಕು ಗೊತ್ತು. ಅದಕ್ಕೇ ವೈಫೈ ಸಿಕ್ಕ ಕೂಡಲೇ ಫೋನು ನಿಮಗೆ ಹೇಳದೆ ಒಂದು ಪರೀಕ್ಷೆಯ ಓಲೆ ಕಳಿಸುತ್ತದೆ. ಆಂಡ್ರಾಯ್ಡ್ ಫೋನು ಗೂಗಲ್‌ನ ಒಂದು ವಿಳಾಸಕ್ಕೆ ಬರೆದು 204 ಎಂಬ ಸಂಖ್ಯೆಯ ಖಾಲಿ ಉತ್ತರಕ್ಕೆ ಕಾಯುತ್ತದೆ. ಐಫೋನು ಆ್ಯಪಲ್ ಕಂಪನಿಗೆ ಬರೆದು 'ಸಕ್ಸೆಸ್' ಎಂಬ ಪದಕ್ಕೆ ಕಾಯುತ್ತದೆ. ವಿಂಡೋಸ್ ಕಂಪ್ಯೂಟರು ಹುಡುಕುವುದು 'ಮೈಕ್ರೋಸಾಫ್ಟ್ ಕನೆಕ್ಟ್ ಟೆಸ್ಟ್' ಎಂಬ ಸಾಲನ್ನು. ಬೇರೆ ಏನಾದರೂ ಬಂದರೆ, ಓಹೋ, ನಡುವೆ ಯಾರೋ ಕೂತಿದ್ದಾರೆ ಎಂದು ತಿಳಿದು 'ಸೈನ್ ಇನ್ ಮಾಡಿ' ಎಂಬ ಸೂಚನೆ ಕೊಡುತ್ತದೆ. ನಾವು ಅದನ್ನು ಯಾವುದೋ ಜಾಹೀರಾತು ಎಂದುಕೊಂಡು ಬೆರಳಲ್ಲಿ ತಳ್ಳಿಬಿಡುತ್ತೇವೆ. ಪೇಜು ಬರಲಿಲ್ಲ ಎನ್ನುವವರಲ್ಲಿ ಹಲವರು ಬಂದ ಪೇಜನ್ನು ಹೀಗೆ ವಾಪಸು ಕಳಿಸಿದವರೇ. ವೈಫೈ ಆರಿಸಿ ಮತ್ತೆ ಹಾಕಿದರೆ ಓಲೆ ಇನ್ನೊಮ್ಮೆ ಹೋಗುತ್ತದೆ.

ಆಗಲೂ ಬಾರದಿದ್ದರೆ ಮೊದಲು ಮೊಬೈಲ್ ಡೇಟಾ ಆಫ್ ಮಾಡಿ. ವೈಫೈನಲ್ಲಿ ಇಂಟರ್‌ನೆಟ್ ಇಲ್ಲ ಎಂದು ಕಂಡರೆ ಫೋನು ತಾನೇ ಡೇಟಾದ ದಾರಿ ಹಿಡಿಯುವುದುಂಟು, ಆಗ ನೀವು ಸುಂಕದ ಕಟ್ಟೆಯ ಕಡೆಗೇ ಹೋಗಿರುವುದಿಲ್ಲ. ಒಟಿಪಿಯ ಚಿಂತೆ ಬೇಡ, ಎಸ್ಸೆಮ್ಮೆಸ್‌ಗೆ ಡೇಟಾ ಬೇಕಿಲ್ಲ. ಆಮೇಲೆ ಬ್ರೌಸರ್ ತೆರೆದು, ಎಸ್ ಇಲ್ಲದ ತಾಣವೊಂದರ ವಿಳಾಸ ಬರೆಯಿರಿ. ಇದಕ್ಕೆಂದೇ ಒಂದು ತಾಣವಿದೆ. ಪೆನ್ನು ಇದ್ದರೆ ಬರೆದುಕೊಳ್ಳಿ: ಎನ್, ಇ, ವಿ, ಇ, ಆರ್, ಎಸ್, ಎಸ್, ಎಲ್, ಡಾಟ್ ಕಾಮ್. ನೆವರ್ ಎಸ್‌ಎಸ್‌ಎಲ್. ಗುರುತಿನ ಚೀಟಿ ತೋರಿಸುವುದೇ ಇಲ್ಲ ಎಂದು ಹಟ ಹಿಡಿದ ತಾಣ. ಅಲ್ಲಿಗೆ ಹೊರಟವರನ್ನು ಸುಂಕದವನು ನಿರಾಳವಾಗಿ ತಡೆಯಬಹುದು. ಅದೂ ಆಗದಿದ್ದರೆ ವೈಫೈ ಹೆಸರಿನ ವಿವರಗಳಲ್ಲಿ ಗೇಟ್‌ವೇ ಅಥವಾ ರೂಟರ್ ಎಂಬ ಸಾಲು ನೋಡಿ. ಸಾಮಾನ್ಯವಾಗಿ 192.168 ಎಂದೋ 10 ಎಂದೋ ಶುರುವಾಗುವ ಸಂಖ್ಯೆ ಇರುತ್ತದೆ. ಅದನ್ನೇ ಬ್ರೌಸರಿನಲ್ಲಿ ಬರೆದರೆ ಎಷ್ಟೋ ಕಡೆ ಪೇಜು ತೆರೆದುಕೊಳ್ಳುತ್ತದೆ. ಲ್ಯಾಪ್‌ಟಾಪಿನ ಸ್ವಂತ ವಿಳಾಸವೇ 169.254 ಎಂದು ಶುರುವಾಗಿದ್ದರೆ ಮಾತ್ರ ಪಾಸ್‌ವರ್ಡಿನ ಗೊಡವೆ ಬಿಡಿ. ವೈಫೈ ಪೆಟ್ಟಿಗೆ ನಿಮಗೆ ವಿಳಾಸವನ್ನೇ ಕೊಟ್ಟಿಲ್ಲ. ಸಂಪರ್ಕ ಕಡಿದು ಮತ್ತೆ ಸೇರಬೇಕು.

ನನ್ನ ಲಾಡ್ಜಿನ ಪ್ರಸಂಗದಲ್ಲಿ ಇವಾವುದೂ ಕಾರಣವಾಗಿರಲಿಲ್ಲ. ಜಾಹೀರಾತು ಬರದಿರಲಿ ಎಂದು ತಂಗಿಯ ಮಗ ನನ್ನ ಫೋನಿಗೆ ಒಂದು ವಿಪಿಎನ್ ಹಾಕಿಕೊಟ್ಟಿದ್ದ. ವಿಪಿಎನ್ ಎಂದರೆ ಸುರಂಗ. ಅದು ಎಲ್ಲವನ್ನೂ ಮುಚ್ಚಿಟ್ಟು ದೂರದ ಒಂದು ಕಡೆಗೆ ಸಾಗಿಸಲು ನೋಡುತ್ತದೆ. ಸುಂಕದವನು ಮುಚ್ಚಿದ ಗಾಡಿಯನ್ನು ಬಿಡುವುದಿಲ್ಲ, ಗಾಡಿ ತೆರೆದು ತೋರಿಸುವುದಿಲ್ಲ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಏನು ಬಂತು? ವಿಪಿಎನ್ ಆರಿಸಿದೆ, ಪೇಜು ಬಂತು, ಚೀಟಿ ನೋಡಿ ಪಾಸ್‌ವರ್ಡ್ ಹಾಕಿದೆ, ಮತ್ತೆ ವಿಪಿಎನ್ ಹಾಕಿಕೊಂಡೆ. ಆಂಡ್ರಾಯ್ಡ್‌ನಲ್ಲಿರುವ ಪ್ರೈವೇಟ್ ಡಿಎನ್‌ಎಸ್ ಕೂಡ ಇದೇ ಜಾತಿಯದು, ತಾಣಗಳ ವಿಳಾಸ ಕೇಳುವ ಓಲೆಯನ್ನು ಮುಚ್ಚಿಟ್ಟು ಕಳಿಸುತ್ತದೆ. ಅದರಲ್ಲಿ ಯಾವುದಾದರೂ ಹೆಸರನ್ನು ಬರೆದಿಟ್ಟಿದ್ದರೆ ಸ್ವಲ್ಪ ಹೊತ್ತು 'ಆಟೊಮ್ಯಾಟಿಕ್' ಮಾಡಿ. ಹಳೆಯ ಲ್ಯಾಪ್‌ಟಾಪಾದರೆ ತಾರೀಖು ಸರಿಯಿದೆಯೇ ನೋಡಿ. ಅದು ತಪ್ಪಿದರೆ ಎಲ್ಲ ಗುರುತಿನ ಚೀಟಿಗಳೂ ಸುಳ್ಳಾಗಿ ಕಾಣುತ್ತವೆ.

ಇನ್ನೊಂದು ಕಿರಿಕಿರಿ, ದುಡ್ಡು ಕೊಟ್ಟವರಿಗೆ ಆಗುವಂಥದ್ದು. ನಿನ್ನೆ ಒಳಗೆ ಬಿಟ್ಟವನು ಇವತ್ತು ಮತ್ತೆ ನೀನ್ಯಾರು ಎನ್ನುತ್ತಾನೆ. ಅವನಿಗೆ ನಿಮ್ಮ ಪರಿಚಯವಿಲ್ಲ. ಅವನು ಬರೆದಿಟ್ಟುಕೊಂಡಿರುವುದು ನಿಮ್ಮ ಫೋನು ವೈಫೈಗೆ ತನ್ನ ಗುರುತೆಂದು ಹೇಳುವ ಮ್ಯಾಕ್ ಸಂಖ್ಯೆಯನ್ನು. 2019ರ ಆಂಡ್ರಾಯ್ಡ್ 10, 2020ರ ಐಒಎಸ್ 14 ಬಂದ ಮೇಲೆ ಫೋನುಗಳು ಯಾರೂ ಹಿಂಬಾಲಿಸದಿರಲಿ ಎಂದು ಪ್ರತಿ ವೈಫೈಗೂ ಒಂದೊಂದು ಹುಸಿ ಸಂಖ್ಯೆ ಕೊಡುತ್ತಿವೆ. ಆ ಹುಸಿ ಸಂಖ್ಯೆ ಬದಲಾದರೆ ಕೊಟ್ಟ ಸುಂಕವೂ ಹೋಯಿತು. ಒಂದೇ ಕಡೆ ವಾರಗಟ್ಟಲೆ ಇರುವ ಹಾಸ್ಟೆಲ್ ಮಕ್ಕಳು ಆ ವೈಫೈಗೆ ಮಾತ್ರ ಈ ಸಂಖ್ಯೆ ಬದಲಾಗದಂತೆ ಇಟ್ಟುಕೊಳ್ಳುವುದು ಮೇಲು.

ಒಟಿಪಿ ಯಾಕೆ ಬೇಕು ಎಂದು ಗೊಣಗುವವರಿದ್ದಾರೆ. 2008ರ ಜುಲೈನಲ್ಲಿ ಅಹಮದಾಬಾದಿನ ಸ್ಫೋಟಗಳ ಹೊತ್ತಿಗೆ ಬಂದ ಭಯೋತ್ಪಾದಕರ ಇಮೇಲು, ನವಿ ಮುಂಬೈಯ ಮನೆಯೊಂದರ ಬೀಗವಿಲ್ಲದ ವೈಫೈ ಬಳಸಿ ಕಳಿಸಿದ್ದು. ಮರುವರ್ಷ ದೂರಸಂಪರ್ಕ ಇಲಾಖೆ, ಸಾರ್ವಜನಿಕ ವೈಫೈ ಬಳಸುವವರ ಗುರುತು ದಾಖಲಾಗಲೇಬೇಕು ಎಂದಿತು. ರೈಲು ನಿಲ್ದಾಣಗಳಲ್ಲಿ ರೈಲ್‌ಟೆಲ್‌ನ ವೈಫೈ ಮೊಬೈಲ್ ಸಂಖ್ಯೆ ಕೇಳುವುದೂ ಅದಕ್ಕೇ. 2021ರಲ್ಲಿ ಹಣದ ಪ್ಲಾನುಗಳನ್ನು ತಂದಾಗಲೂ ಅದು ದಿನದ ಮೊದಲ 30 ನಿಮಿಷವನ್ನು ಉಚಿತವಾಗಿಯೇ ಬಿಟ್ಟಿತು. ಹೊರದೇಶದ ಸಿಮ್ ಹಾಕಿಕೊಂಡು ಊರಿಗೆ ಬರುವ ನಮ್ಮವರು ಒಟಿಪಿಗೆ ಕಾದು ಸುಸ್ತಾಗುವ ಬದಲು ಜೊತೆಗಿರುವವರ ಹಾಟ್‌ಸ್ಪಾಟ್ ಕೇಳಿ ಪಡೆಯುವುದು ವಾಸಿ.

ಯಾವ ಸುಂಕದವನಿಗೂ ನಿಮ್ಮ ಇಮೇಲಿನ ಪಾಸ್‌ವರ್ಡು, ಯುಪಿಐ ಪಿನ್ನು ಬೇಕಿಲ್ಲ. ಕೇಳಿದರೆ ಅವನು ಸುಂಕದವನಲ್ಲ. ಕೂಡಲೇ ವೈಫೈ ಆರಿಸಿ.

ವೇಷ ಹಾಕುವ ಈ ಪಾಡು ತಪ್ಪಿಸುವ ನಿಯಮವೂ ಇದೆ. 2020ರಲ್ಲಿ ಪ್ರಕಟವಾದ ಆ ಪದ್ಧತಿಯಲ್ಲಿ, ವಿಳಾಸ ಕೊಡುವಾಗಲೇ ನನ್ನ ಪೇಜು ಇಂಥಲ್ಲಿದೆ ಎಂದು ಗೇಟ್‌ವೇಯೇ ಫೋನಿಗೆ ತಿಳಿಸುತ್ತದೆ. ಹೊಸ ಫೋನುಗಳಿಗೆ ಅದು ಅರ್ಥವಾಗುತ್ತದೆ. ಬಾಗಿಲಲ್ಲಿ ಕೂತ ಹಳೆಯ ಪೆಟ್ಟಿಗೆಗಳು ಇನ್ನೂ ಕಲಿಯಬೇಕು.

ಅಲ್ಲಿಯ ತನಕ, ಲಾಡ್ಜು, ಹಾಸ್ಟೆಲು, ಛತ್ರ ನಡೆಸುವವರು ಯಾರಾದರೂ ಕೇಳುತ್ತಿದ್ದರೆ ಒಂದು ಕೋರಿಕೆ. ಗೋಡೆಗೆ ಅಂಟಿಸುವ ಚೀಟಿಯಲ್ಲಿ ಇನ್ನೊಂದು ಸಾಲು ಸೇರಿಸಿ: ಪೇಜು ಬರದಿದ್ದರೆ ಯಾವ ವಿಳಾಸ ಬರೆಯಬೇಕು ಎಂಬುದನ್ನು.