ಟಿವಿ ಬೇಡ, ನೆಟ್ ಮಾತ್ರ ಸಾಕು: ಮುಂಬೈ ಬಾಡಿಗೆ ಮನೆಯಲ್ಲಿ ಏನು ಮಾಡೋದು?

ಊರಿಂದ ಬಂದು ಪೊವಾಯಿಯಲ್ಲೋ ಮಲಾಡ್‌ನಲ್ಲೋ ಮನೆ ಮಾಡಿದ್ದೀರಿ. ಸೋಮವಾರದಿಂದ ವರ್ಕ್ ಫ್ರಮ್ ಹೋಮ್. ನೆಟ್ ಬೇಕು ಅಂತ ವಾಚ್‌ಮನ್‌ಗೆ ಕೇಳಿದ್ರೆ ಕೇಬಲ್‌ವಾಲಾನ ನಂಬರ್ ಕೊಡ್ತಾನೆ. ಅವನು ಬಂದು, ಟಿವಿ ತಗೊಂಡ್ರೆ ಮಾತ್ರ ನೆಟ್ ಅಂತಾನೆ. ನಿಮ್ಮ ಮನೆಯಲ್ಲಿ ಟಿವಿನೇ ಇಲ್ಲ!

ಒಂದು ವಿಷಯ ಸ್ಪಷ್ಟ ಮಾಡ್ಕೊಳ್ಳಿ. ತಂತಿ ಒಂದೇ ಇರಬಹುದು, ಸೇವೆ ಎರಡು. ಒಂದೇ ಫೈಬರ್‌ನಲ್ಲಿ ಟಿವಿಗೆ ಬೇರೆ ತರಂಗ, ಇಂಟರ್ನೆಟ್‌ಗೆ ಬೇರೆ. ಟಿವಿ ಇಲ್ಲದೆ ನೆಟ್ ಬರಲ್ಲ ಅನ್ನೋದಕ್ಕೆ ತಾಂತ್ರಿಕ ಕಾರಣ ಇಲ್ಲ. ಎರಡೂ ಸೇರಿದ್ರೆ ಕಡಿಮೆ ದರ ಅಂದ್ರೆ ಅದು ಆಫರ್, ಬೇಕಾದ್ರೆ ತಗೊಳ್ಳಿ. ಅದು ತಗೊಂಡ್ರೇನೇ ಇದು ಅಂದ್ರೆ ಬೇರೆ ಮಾತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇಂಥ ಷರತ್ತನ್ನು ನಿರ್ಬಂಧಕ ವ್ಯಾಪಾರ ಪದ್ಧತಿ ಅಂತ ಕರೆಯುತ್ತೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು.

ಕೊಡಿ, ಬೇಡ ಅನ್ನಲ್ಲ. ಆದ್ರೆ ದೂರು ಕೊಟ್ಟ ಮಾತ್ರಕ್ಕೆ ಸೋಮವಾರದ ಮೀಟಿಂಗ್‌ಗೆ ನೆಟ್ ಬರಲ್ಲ. ಅದಕ್ಕೆ ಬೇರೆ ದಾರಿ ನೋಡಬೇಕು.

ಕಂಪನಿಯ ಆ್ಯಪ್‌ನಲ್ಲಿ ಪಿನ್‌ಕೋಡ್ ಹಾಕಿ 'ಲಭ್ಯ' ಅಂತ ಬಂದ ಕೂಡಲೇ ದುಡ್ಡು ಕಟ್ಟಬೇಡಿ. ಅದು ಏರಿಯಾದ ಮಾತು, ನಿಮ್ಮ ಬಿಲ್ಡಿಂಗ್‌ದಲ್ಲ. ಮೆಟ್ಟಿಲ ಪಕ್ಕದ ಡಕ್ಟ್‌ನಲ್ಲಿ ಯಾವ ಕಂಪನಿಯ ಡಬ್ಬಿ ಇದೆ ನೋಡಿ, ಮೇಲಿನ ಮನೆಯವರನ್ನು ಕೇಳಿ. ಫೈಬರ್ ಒಳಗೆ ಬಂದಿಲ್ಲ ಅಂದ್ರೆ ಸೊಸೈಟಿಯ ಅನುಮತಿ ಬೇಕಾಗುತ್ತೆ. ನಿಜವಾದ ತೊಡಕು ಇರೋದೇ ಇಲ್ಲಿ. ಬಾಡಿಗೆದಾರರ ಮಾತಿಗೆ ಕಮಿಟಿಯಲ್ಲಿ ಅಷ್ಟು ತೂಕ ಇಲ್ಲ. ಸೆಕ್ರೆಟರಿಗೆ ಪತ್ರ ಮನೆ ಮಾಲೀಕರ ಹೆಸರಲ್ಲಿ ಹೋಗಲಿ. ಅಡ್ವಾನ್ಸ್ ಕೊಡೋ ಮುಂಚೆಯೇ ಮಾಲೀಕರ ಹತ್ರ ಈ ಮಾತು ಆಡಿದ್ರೆ ಇನ್ನೂ ಒಳ್ಳೇದು. ನೀರಿನ ಬಗ್ಗೆ ಕೇಳ್ತೀವಿ, ಪಾರ್ಕಿಂಗ್ ಬಗ್ಗೆ ಕೇಳ್ತೀವಿ, ಇದನ್ನ ಮಾತ್ರ ಮರೀತೀವಿ.

ತಂತಿಯ ಗೊಡವೆಯೇ ಬೇಡ ಅನ್ನೋರಿಗೆ 5ಜಿ ಏರ್‌ಫೈಬರ್ ಇದೆ. 2023ರ ಆಗಸ್ಟ್‌ನಲ್ಲಿ ಏರ್‌ಟೆಲ್, ಸೆಪ್ಟೆಂಬರ್‌ನಲ್ಲಿ ಜಿಯೋ ಶುರು ಮಾಡಿದಾಗ ಎರಡರ ಮೊದಲ ಪಟ್ಟಿಯಲ್ಲೂ ಮುಂಬೈ ಇತ್ತು. ಆದ್ರೆ ಹೊರಗೆ ಒಂದು ಡಬ್ಬಿ ಕೂರಿಸಬೇಕು. ಟೆರೇಸ್ ಮೇಲೆ ಅಂದ್ರೆ ಮತ್ತೆ ಅದೇ ಸೆಕ್ರೆಟರಿ! ಎದುರುಗಡೆ ಟವರ್ ಕಟ್ಟಡಗಳು ಒತ್ತಿಕೊಂಡಿರೋ ಕೆಳಗಿನ ಮಹಡಿಗಳಲ್ಲಿ ಸಿಗ್ನಲ್ ನೋಡಿಯೇ ಒಪ್ಪಿಕೊಳ್ಳಿ.

ಇನ್ನೊಂದು ಲೆಕ್ಕ. ಇಲ್ಲಿನ ಲೀವ್ ಅಂಡ್ ಲೈಸೆನ್ಸ್ ಅಗ್ರಿಮೆಂಟ್ ಸಾಮಾನ್ಯವಾಗಿ 11 ತಿಂಗಳದ್ದು. 12 ತಿಂಗಳ ಪ್ಲ್ಯಾನ್ ಅಗ್ಗ ಅಂತ ಕಟ್ಟಿ, ಮನೆ ಖಾಲಿ ಮಾಡುವಾಗ ಒದ್ದಾಡಬೇಡಿ. 6 ತಿಂಗಳದ್ದು ಸಾಕು. ಪ್ಲ್ಯಾನ್ ದರದ ಮೇಲೆ ಶೇ. 18 ಜಿಎಸ್‌ಟಿ ಇರುತ್ತೆ, ರೂಟರ್‌ಗೆ ಡಿಪಾಸಿಟ್ ಕಟ್ಟಿದ್ರೆ ರಸೀದಿ ಇಟ್ಕೊಳ್ಳಿ.

ಊರಿಂದ ಅಮ್ಮ ಬಂದು ಟಿವಿ ಬೇಕು ಅಂದ್ರೆ? ಡಿಡಿ ಫ್ರೀ ಡಿಶ್‌ಗೆ ತಿಂಗಳ ಬಾಡಿಗೆ ಇಲ್ಲ, ಅದರಲ್ಲಿ ಚಂದನ ಬರುತ್ತೆ. ಆಗ್ನೇಯ ದಿಕ್ಕಿಗೆ ಆಕಾಶ ಕಾಣೋ ಕಿಟಕಿ ಇರಬೇಕು ಅಷ್ಟೇ. ಧಾರಾವಾಹಿಗಳಿಗೆ ಹೇಗೂ ಮೊಬೈಲ್ ಆ್ಯಪ್‌ಗಳಿವೆ.