ಲಕ್ವ ಹೊಡೆದವರಿಗೆ ಮನೆಯಲ್ಲೇ ವ್ಯಾಯಾಮ: ಕಂಪ್ಯೂಟರಿನಿಂದ ಏನಾದೀತು?

(ಬೆಳ್ಳಿಹಬ್ಬದ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನನಗೆ ಕೊಟ್ಟ ವಿಷಯ ಕಂಪ್ಯೂಟರ್. ಹಾಲಿನ ಫ್ಯಾಟು, ಬಟವಾಡೆ ಲೆಕ್ಕಕ್ಕೆ ಅದು ಬಂದದ್ದು ನಿಮಗೆಲ್ಲ ಗೊತ್ತೇ ಇದೆ. ನಾನು ಅದರ ಬೇರೊಂದು ಉಪಯೋಗ ಹೇಳುತ್ತೇನೆ.

ನಮ್ಮ ತಂದೆಯವರಿಗೆ ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋದವು. ಆಸ್ಪತ್ರೆಯವರು ಜೀವ ಉಳಿಸಿದರು. ಮನೆಗೆ ಕಳಿಸುವಾಗ ‘ದಿನಾ ಫಿಸಿಯೋಥೆರಪಿ ಮಾಡಿಸಿ’ ಎಂದು ಚೀಟಿಯಲ್ಲಿ ಬರೆದುಕೊಟ್ಟರು. ಮಾಡಿಸುವವರು ಇರೋದು ತಾಲ್ಲೂಕಿನಲ್ಲಿ. ಆಟೋ ಮಾಡಬೇಕು, ಇಬ್ಬರು ಎತ್ತಿ ಕೂರಿಸಬೇಕು. ಎಂಟು ದಿನ ಹೋದೆವು, ಆಮೇಲೆ ಬಿಟ್ಟೆವು. ಯಾರೋ ಹೇಳಿದರೆಂದು ಪಾರಿವಾಳದ ರಕ್ತ ಹಚ್ಚಿದ್ದೂ ಆಯಿತು. ಮೂರು ತಿಂಗಳಾಗುವಷ್ಟರಲ್ಲಿ ಕೈ ಮಡಚಿಕೊಂಡು ಬಿಗಿಯಾಯಿತು. ತಪ್ಪು ನಮ್ಮದೇ.

ಲಕ್ವ ಎಂದರೆ ಮೆದುಳಿನ ರಕ್ತನಾಳ ಕಟ್ಟಿಕೊಳ್ಳುವುದು, ಇಲ್ಲವೇ ಒಡೆಯುವುದು. ಸತ್ತ ಭಾಗ ಮತ್ತೆ ಚಿಗುರುವುದಿಲ್ಲ. ಆದರೆ ಕಾಲುವೆ ಒಡೆದಾಗ ನಾವು ಪಕ್ಕದಲ್ಲಿ ತೋಡಿ ನೀರು ಹಾಯಿಸುವುದಿಲ್ಲವೇ, ಹಾಗೆ ಮೆದುಳಿನ ಬೇರೆ ಭಾಗ ಆ ಕೆಲಸ ಕಲಿಯುತ್ತದೆ. ಕಲಿಯಬೇಕಾದರೆ ಒಂದೇ ಕೆಲಸವನ್ನು ನೂರಾರು ಸಲ ಮಾಡಬೇಕು: ಲೋಟ ಹಿಡಿಯುವುದು, ಬೆರಳು ಬಿಡಿಸುವುದು, ಕುರ್ಚಿಯಿಂದ ಏಳುವುದು. ಮೊದಲ ಕೆಲವು ತಿಂಗಳೇ ಇದಕ್ಕೆ ಮುಖ್ಯ.

ಕೊನೆಗೆ ತಂಗಿಯ ಮಗ ತಾಲ್ಲೂಕಿನ ಫಿಸಿಯೋಥೆರಪಿ ಮೇಡಮ್ಮನವರನ್ನು ಒಪ್ಪಿಸಿ, ವಾರಕ್ಕೆರಡು ಸಲ ಫೋನಿನಲ್ಲಿ ವಿಡಿಯೋ ಮಾಡಿಸಿದ. ಅಪ್ಪ ಮೊದಲ ದಿನ ಫೋನಿಗೆ ನಮಸ್ಕಾರ ಮಾಡಿ ಸುಮ್ಮನೆ ಕೂತರು! ಆಮೇಲೆ ಪಳಗಿದರು. ಅವರು ಎದ್ದು ನಿಂತಾಗ ನಾವು ಬಿದ್ದ ಕೈಯ ಕಡೆಗೇ ನಿಲ್ಲಬೇಕು, ಆ ಕೈಹಿಡಿದು ಎಳೆಯಬಾರದು, ರಟ್ಟೆಯ ಕೀಲು ಜಾರುತ್ತದೆ ಎಂಬುದೆಲ್ಲ ನಮಗೆ ಆಗಲೇ ತಿಳಿದದ್ದು.

ಮೇಡಮ್ಮನವರೇ ಹೇಳಿದ ಲೆಕ್ಕ ಕೇಳಿ. ಅಮೆರಿಕದಲ್ಲಿ 124 ಜನರಲ್ಲಿ ಅರ್ಧ ಜನಕ್ಕೆ ಆಸ್ಪತ್ರೆಯಲ್ಲಿ, ಅರ್ಧ ಜನಕ್ಕೆ ಮನೆಯಲ್ಲೇ ಕಂಪ್ಯೂಟರ್ ಇಟ್ಟು ಕೈಯ ವ್ಯಾಯಾಮ ಮಾಡಿಸಿದರು. 70 ನಿಮಿಷದ ಹಾಗೆ 36 ಸಲ. 2019ರಲ್ಲಿ ಫಲಿತಾಂಶ ಪ್ರಕಟವಾಯಿತು. ಮನೆಯವರ ಗುಣ ಆಸ್ಪತ್ರೆಯವರಿಗಿಂತ ಕಡಿಮೆಯೇನಿರಲಿಲ್ಲ. ಹಾಗಂತ ಯಂತ್ರವೇ ದೊಡ್ಡದಲ್ಲ. 2016ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆಯಲ್ಲಿ, ಮಾಮೂಲು ಚಿಕಿತ್ಸೆಯ ಜೊತೆಗೆ ಟಿವಿಯ ಮುಂದೆ ಆಡುವ ‘ವೀ’ ಯಂತ್ರದ ಆಟ ಆಡಿದವರಿಗೂ, ಇಸ್ಪೀಟು, ಚೆಂಡು ಆಡಿದವರಿಗೂ ಒಂದೇ ಗುಣ (ಇಸ್ಪೀಟಿನವರು ನಗಬೇಡಿ, ಕಟ್ಟಿ ಆಡಿದ್ದಲ್ಲ). ನಮ್ಮ ದೇಶದ 14 ಆಸ್ಪತ್ರೆಗಳಲ್ಲಿ 1250 ರೋಗಿಗಳನ್ನು ಸೇರಿಸಿ ನಡೆಸಿದ್ದೂ ಇದೆ, 2017ರಲ್ಲಿ ಹೊರಬಂತು. ಅಲ್ಲಿ ಮನೆಯವರಿಗೇ ಕಲಿಸಿ ವ್ಯಾಯಾಮ ಮಾಡಿಸಿದರು, ಹೆಚ್ಚಿನ ಪ್ರಯೋಜನ ಕಾಣಲಿಲ್ಲ. ಅಂದರೆ ತಿಳಿದವರ ಕಣ್ಣು ವಾರವಾರ ಬೀಳಬೇಕು ಅಂತ ನನಗನ್ನಿಸುತ್ತದೆ. ಆ ಕಣ್ಣನ್ನು ಊರಿಗೆ ತರೋದಷ್ಟೇ ಕಂಪ್ಯೂಟರಿನ ಕೆಲಸ.

ಅಪ್ಪನ ಕೈ ಪೂರ್ತಿ ಬರಲಿಲ್ಲ, ಸುಳ್ಳು ಹೇಳಬಾರದು. ಕೋಲು ಹಿಡಿದು ಡೈರಿವರೆಗೆ ಬರುತ್ತಾರೆ. ಮೊದಲ ದಿನದಿಂದಲೇ ಮಾಡಿಸಿದ್ದರೆ ಎಂಬ ಕೊರಗು ಇದ್ದೇ ಇದೆ.

ಈಗ ನನ್ನ ಬೇಡಿಕೆ. ಬೆಳಗಿನ ಹಾಲು ಅಳೆದ ಮೇಲೆ ಸಂಘದ ಕಂಪ್ಯೂಟರ್ ಸಂಜೆವರೆಗೆ ಸುಮ್ಮನೆ ಕೂತಿರುತ್ತದೆ. ದೊಡ್ಡ ಫೋನು ಇಲ್ಲದ, ಸಿಗ್ನಲ್ ಸಿಗದ ಮನೆಗಳಲ್ಲಿ ಲಕ್ವ ಹೊಡೆದವರಿದ್ದರೆ, ಹನ್ನೊಂದು ಗಂಟೆಗೆ ಕಚೇರಿಯ ಒಳಕೋಣೆ ಬಿಟ್ಟುಕೊಡೋಣ. ಒಂದು ಕ್ಯಾಮೆರಾ, ಕೈಯಿರುವ ಗಟ್ಟಿ ಕುರ್ಚಿ, ಬಾಗಿಲಲ್ಲಿ ಮೆಟ್ಟಿಲಿನ ಬದಲು ಇಳಿಜಾರು, ಇಷ್ಟೇ ಖರ್ಚು. ಮುಂದಿನ ಮಹಾಸಭೆಯಲ್ಲಿ ಈ ವಿಷಯ ಇಡುತ್ತೇನೆ, ದಯವಿಟ್ಟು ತಾವೆಲ್ಲ ಬರಬೇಕು.